‘ಮನೆಗೆ ಕರ್ಕೊಂಡು ಹೋಗಿ’ ಅಂದ ಮೇಲೆ

ಮಂಡ್ಯ ಜಿಲ್ಲೆಯವರಿಗೆ ದೊಡ್ಡಾಸ್ಪತ್ರೆ ಎಂದೂ ನಿಲುಕದ ದೂರದಲ್ಲಿ ಇರಲಿಲ್ಲ. ಒಂದು ಕೊನೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಇನ್ನೊಂದು ಕೊನೆಗೆ ಬೆಂಗಳೂರಿನ ವಿಕ್ಟೋರಿಯಾ, ಎರಡರ ನಡುವೆ 1880ರ ದಶಕದ ಆರಂಭದಲ್ಲೇ ಓಡತೊಡಗಿದ ರೈಲು. ಮದ್ದೂರು ಆ ಹಳಿಯ ಮೇಲೇ ಇದೆ. ಮಳವಳ್ಳಿಗೆ ಇವತ್ತಿಗೂ ರೈಲು ಬಂದಿಲ್ಲ, ಆದರೆ ಕನಕಪುರದ ಮೇಲಿನ ರಸ್ತೆ ಹಿಡಿದರೆ ಅವರೂ ಹೊತ್ತು ಮುಳುಗುವುದರೊಳಗೆ ಬೆಂಗಳೂರು ಕಂಡು ಬರಬಹುದಿತ್ತು. 1973ರಲ್ಲಿ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಗಿ, 1980ರಲ್ಲಿ ಅದು ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಮೇಲಂತೂ ‘ದೊಡ್ಡ ಕಾಯಿಲೆ’ ಬಂದವರ ದಾರಿ ನಿಶ್ಚಯವಾಗಿಹೋಯಿತು. ಊರ ಡಾಕ್ಟರು ಕೈಚೆಲ್ಲಿದರೆ ಮಂಡ್ಯ, ಮಂಡ್ಯದವರು ಬರೆದುಕೊಟ್ಟರೆ ಕಿದ್ವಾಯಿ. ಕ್ಯಾನ್ಸರ್ ಎಂಬ ಪದವನ್ನು ಬಾಯಿಬಿಟ್ಟು ಹೇಳದವರೂ ‘ಕಿದ್ವಾಯಿಗೆ ಹೋಗವ್ರೆ’ ಅಂದರೆ ಕೇಳಿದವರಿಗೆ ಎಲ್ಲವೂ ತಿಳಿಯುತ್ತಿತ್ತು.

ಈ ಹೋಗುವ ದಾರಿಯ ಚರಿತ್ರೆ ಎಷ್ಟೋ ಕಡೆ ದಾಖಲಾಗಿದೆ. ಯಾವ ವರ್ಷ ಯಾವ ಯಂತ್ರ ಬಂತು, ಯಾವ ಮಂತ್ರಿ ಟೇಪು ಕತ್ತರಿಸಿದರು, ಎಷ್ಟು ಹಾಸಿಗೆ ಹೆಚ್ಚಿದವು, ಎಲ್ಲವೂ ಇದೆ. ಬರೆಯದೆ ಉಳಿದಿರುವುದು ಹಿಂದಿರುಗುವ ದಾರಿಯ ಚರಿತ್ರೆ. ನಮ್ಮ ದೇಶದಲ್ಲಿ ಕ್ಯಾನ್ಸರ್ ರೋಗಿಗಳ ಪೈಕಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರು ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ರೋಗ ಬಲಿತಿರುತ್ತದೆ. ಒಂದಷ್ಟು ಕರೆಂಟು ಕೊಟ್ಟು (ರೇಡಿಯೇಶನ್ನಿಗೆ ನಮ್ಮ ಕಡೆಯ ಹೆಸರು ಅದೇ), ಒಂದಷ್ಟು ಇಂಜೆಕ್ಷನ್ ಕೊಟ್ಟು, ಕೊನೆಗೊಂದು ದಿನ ಡಾಕ್ಟರು ಮಗನನ್ನೋ ಅಳಿಯನನ್ನೋ ಪಕ್ಕಕ್ಕೆ ಕರೆದು ಹೇಳುತ್ತಾರೆ: ‘ಇನ್ನು ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ.’ ಹಾಗೆ ಮನೆಗೆ ಬಂದವರು ಮುಂದಿನ ಮೂರು ತಿಂಗಳೋ ಆರು ತಿಂಗಳೋ ಹೇಗೆ ಕಳೆದರು? ಅವರ ನೋವನ್ನು ಕಳೆಯುವ ಔಷಧಿ ಜಗತ್ತಿನಲ್ಲಿ ಇತ್ತು, ಅಗ್ಗವಾಗಿತ್ತು, ನಮ್ಮ ದೇಶದಲ್ಲೇ ಬೆಳೆಯುತ್ತಿತ್ತು. ಅದು ಮದ್ದೂರು ಮಳವಳ್ಳಿಗೆ ಬಾರದೇ ಹೋದದ್ದು ಹೇಗೆ?

ಮನೆಯೊಳಗಿನ ಸ್ಥಿತಿ ಮೊದಲು ನೋಡೋಣ. ಈ ಸೀಮೆಯಲ್ಲಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಕೆನ್ನೆಗೆ ಒತ್ತರಿಸಿಕೊಳ್ಳುವುದು ಹೆಂಗಸರಲ್ಲೂ ಇದ್ದ ಅಭ್ಯಾಸ. ರಾತ್ರಿ ಮಲಗುವಾಗಲೂ ಉಗುಳದೆ ಇಟ್ಟುಕೊಳ್ಳುವವರಿದ್ದರು. ಹುಣ್ಣು ಏಳುವುದು ಅಲ್ಲೇ, ಆ ಕೆನ್ನೆಯೊಳಗೆ. ಅದು ಬಲಿತರೆ ಬಾಯಿ ಒಂದು ಬೆರಳಿನಷ್ಟೂ ತೆರೆಯುವುದಿಲ್ಲ. ಮುದ್ದೆ ನುಂಗಿ ಬೆಳೆದವರಿಗೆ ಗಂಜಿಯೂ ಇಳಿಯುವುದಿಲ್ಲ. ಕೆನ್ನೆ ತೂತಾಗಿ ಕುಡಿದ ನೀರು ಹೊರಕ್ಕೆ ಬರುವುದೂ ಉಂಟು. ಗರ್ಭಕೊರಳಿನ ಕ್ಯಾನ್ಸರ್ ಆದ ಹೆಂಗಸರದು ಇನ್ನೊಂದು ಬಗೆ. ಸೊಂಟದಿಂದ ಹೊರಟ ನೋವು ತೊಡೆಯ ಒಳಗಡೆ ಉರಿಯುತ್ತಾ ಇಳಿಯುತ್ತದೆ. ಮಗ್ಗುಲು ಬದಲಿಸಿದರೂ ನೋವು, ಬದಲಿಸದಿದ್ದರೂ ನೋವು. ಮೂಳೆಗೆ ಹರಡಿದ್ದರೆ ಬಸ್ಸಿನ ಒಂದು ಕುಲುಕಾಟ ಸಾಕು, ಪ್ರಾಣ ಬಾಯಿಗೆ ಬರಲು.

ಇದಕ್ಕೆ ಊರಲ್ಲಿ ಸಿಗುತ್ತಿದ್ದದ್ದೇನು? ಪ್ಯಾರಸಿಟಮಾಲ್, ಡೈಕ್ಲೋಫೆನಾಕ್, ಹೆಚ್ಚೆಂದರೆ ಸಂಜೆ ಸ್ಕೂಟರಿನಲ್ಲಿ ಬಂದ ಕಾಂಪೌಂಡರ್ ಚುಚ್ಚಿಹೋಗುವ ಫೋರ್ಟ್‌ವಿನ್ ಇಂಜೆಕ್ಷನ್. ಅದರ ಅಮಲು ಎರಡು ಮೂರು ಗಂಟೆಯದು. ರಾತ್ರಿ ಹನ್ನೊಂದಕ್ಕೆ ನರಳಾಟ ಮತ್ತೆ ಶುರು. ‘ತಡ್ಕೊಳವ್ವಾ, ಬೆಳಗಾಗ್ಲಿ’ ಎನ್ನುವುದೊಂದೇ ಮನೆಯವರಿಗೆ ಗೊತ್ತಿದ್ದ ಉಪಚಾರ. ಹುಣ್ಣು ಒಡೆದು ನಾರುತ್ತಿದ್ದರೆ ಹಾಸಿಗೆ ನಡುಮನೆಯಿಂದ ಹಿಂದಿನ ಕೋಣೆಗೆ, ಅಲ್ಲಿಂದ ಕೊಟ್ಟಿಗೆಯ ಪಕ್ಕಕ್ಕೆ ಸರಿಯುತ್ತಿತ್ತು. ಮೆಟ್ರೊನಿಡಜೋಲ್ ಎಂಬ, ಭೇದಿ ನಿಲ್ಲಲು ಕೊಡುವ ಮಾತ್ರೆಯನ್ನು ನುಣ್ಣಗೆ ಕುಟ್ಟಿ ಹುಣ್ಣಿನ ಮೇಲೆ ಉದುರಿಸಿದರೆ ನಾತ ಕೆಲವೇ ದಿನದಲ್ಲಿ ಇಳಿಯುತ್ತದೆ. ಆ ಮಾತ್ರೆ ಪ್ರತಿ ಹಳ್ಳಿಯ ಅಂಗಡಿಯಲ್ಲೂ ಇತ್ತು. ಆದರೆ ಹೇಳಿಕೊಡುವವರು ಇರಲಿಲ್ಲ. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಸಿಟ್ಟು ಬರಿಸುವ ವಿಷಯ ಇದೇ. ಮಾರ್ಫಿನ್ನಿಗಾದರೂ ಕಾನೂನಿನ ನೆವವಿತ್ತು, ಇದಕ್ಕೆ ಯಾವ ನೆವವೂ ಇರಲಿಲ್ಲ.

ಇನ್ನು ಮಾರ್ಫಿನ್. ಹಬ್ಬಕ್ಕೆ ಪಾಯಸ ಮಾಡುವ ಗಸಗಸೆಯ ಗಿಡವೇ ಅದರ ತಾಯಿ. ಬೀಜ ನಮ್ಮ ಅಡುಗೆಮನೆಗೆ, ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಅಫೀಮಿಗೆ. ಜರ್ಮನಿಯ ಔಷಧಿ ವ್ಯಾಪಾರಿಯೊಬ್ಬನ ಕೈಕೆಳಗಿದ್ದ ಸೆರ್ಟುರ್ನರ್ ಎಂಬ ತರುಣ ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಆ ಹಾಲಿನಿಂದ ನೋವು ಕಳೆಯುವ ಸತ್ವವನ್ನು ಬೇರ್ಪಡಿಸಿ, ಗ್ರೀಕರ ಕನಸಿನ ದೇವತೆಯ ಹೆಸರಿಟ್ಟ. ಅಫೀಮು ಹಳೇ ಮೈಸೂರಿಗೆ ಅಪರಿಚಿತವೇನಲ್ಲ. ಸಂಸ್ಥಾನದ ಅಬಕಾರಿ ಇಲಾಖೆಯ ಲೆಕ್ಕದಲ್ಲಿ ಸಾರಾಯಿ, ಹೆಂಡದ ಜೊತೆ ಗಾಂಜಾ, ಅಫೀಮುಗಳ ಬಾಬ್ತೂ ಇರುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಅಫೀಮು ತಿನ್ನುವುದನ್ನು ಹಂತಹಂತವಾಗಿ ನಿಲ್ಲಿಸುವ ತೀರ್ಮಾನ ಮಾಡಿ, 1959ರ ಹೊತ್ತಿಗೆ ಆ ಅಂಗಡಿಗಳ ಬಾಗಿಲು ಮುಚ್ಚಿಸಿತು. ಅದು ಸರಿಯೇ. ಆಸ್ಪತ್ರೆಗಳ ಮಾರ್ಫಿನ್ 1930ರ ಅಪಾಯಕಾರಿ ಔಷಧಿಗಳ ಕಾಯಿದೆಯಡಿ ಬರುತ್ತಿತ್ತು. ಆ ಕಾಯಿದೆಗೂ ಬಿಗಿ ಇತ್ತು, ಉಸಿರು ಕಟ್ಟಿಸುವಷ್ಟು ಇರಲಿಲ್ಲ.

ಉಸಿರು ಕಟ್ಟಿದ್ದು 1985ರಲ್ಲಿ. ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯಿಂದ ಹೆರಾಯಿನ್ ಭಾರತದ ಮೂಲಕ ಸಾಗುತ್ತಿದ್ದ ಕಾಲ. ಕಠಿಣ ಕಾನೂನು ಬೇಕೆಂಬ ಒತ್ತಡ ಹೊರಗಿನಿಂದಲೂ ಇತ್ತು, ಒಳಗಿನಿಂದಲೂ ಇತ್ತು. ಆಗಸ್ಟ್ 23ರಂದು ಲೋಕಸಭೆಯಲ್ಲಿ ಮಂಡನೆಯಾದ ಮಾದಕವಸ್ತು ವಿಧೇಯಕಕ್ಕೆ ಸೆಪ್ಟೆಂಬರ್ 16ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಾಲ್ಕು ವಾರವೂ ಹಿಡಿಯಲಿಲ್ಲ. ಅದೇ ವರ್ಷ ನವೆಂಬರ್ 14ರಿಂದ ಎನ್‌ಡಿಪಿಎಸ್ ಕಾಯಿದೆ ಜಾರಿ. ಕನಿಷ್ಠ ಶಿಕ್ಷೆ ಹತ್ತು ವರ್ಷ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ಇಂಥ ಶಿಕ್ಷೆಯ ನೆರಳಲ್ಲಿ ಹೆರಾಯಿನ್ ಸಾಗಿಸುವವನೂ, ಲೆಕ್ಕದ ಪುಸ್ತಕದಲ್ಲಿ ನಾಲ್ಕು ಆಂಪೂಲು ಹೆಚ್ಚುಕಡಿಮೆಯಾದ ಆಸ್ಪತ್ರೆಯ ಫಾರ್ಮಸಿಸ್ಟನೂ ಒಂದೇ ದಿಗಿಲಿನಲ್ಲಿ ಬದುಕಬೇಕಾಯಿತು. ವೈದ್ಯಕೀಯ ಬಳಕೆಗೆ ಅವಕಾಶ ಇಲ್ಲವೆಂದು ಕಾಯಿದೆ ಎಲ್ಲೂ ಹೇಳಿರಲಿಲ್ಲ. ಆ ಅವಕಾಶದ ನಿಯಮಗಳನ್ನು ರಾಜ್ಯಗಳು ಬರೆಯಲಿ ಎಂದಿತು, ಅಷ್ಟೇ. ರಾಜ್ಯಗಳು ಬರೆದವು. ಬರೆದ ಕೈ ಬಹುತೇಕ ಕಡೆ ಅಬಕಾರಿ ಇಲಾಖೆಯದು. ಸಾರಾಯಿ ಗುತ್ತಿಗೆ ನೋಡಿ ರೂಢಿಯಾದ ಕೈ ಮಾರ್ಫಿನ್ನಿಗೆ ನಿಯಮ ಬರೆದರೆ ಹೇಗಿರುತ್ತದೋ ಹಾಗೇ ಇದ್ದವು ಅವು.

ಇಟ್ಟುಕೊಳ್ಳಲು ಒಂದು ಪರವಾನಗಿ, ಹೊರರಾಜ್ಯದಿಂದ ತರಿಸಲು ಇನ್ನೊಂದು, ಕಳಿಸುವ ರಾಜ್ಯದಿಂದ ಮತ್ತೊಂದು, ದಾರಿಯಲ್ಲಿ ಸಾಗಿಸಲು ಬೇರೆಯದು. ನಾಲ್ಕೈದು ಕಾಗದಗಳು, ಎರಡು ಮೂರು ಇಲಾಖೆಗಳು. ಎಲ್ಲವೂ ಒಂದೇ ಹೊತ್ತಿಗೆ ಚಾಲ್ತಿಯಲ್ಲಿರಬೇಕು. ನಾಲ್ಕನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ದೊಡ್ಡ ಆಸ್ಪತ್ರೆಗಳಿಗೇ ಇದು ತಲೆನೋವು. ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿ ಇದರ ಹಿಂದೆ ಓಡಾಡಲು ಸಾಧ್ಯವೇ ಇರಲಿಲ್ಲ. ಔಷಧಿ ಅಂಗಡಿಯವರು ‘ಸಹವಾಸವೇ ಬೇಡ’ ಅಂದರು. 1985ರ ವರೆಗೆ ಏರುತ್ತಿದ್ದ ದೇಶದ ಮಾರ್ಫಿನ್ ಬಳಕೆ 1997ರ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಸಿದು 18 ಕಿಲೋಗೆ ಬಂದು ನಿಂತಿತು. ನೂರು ಕೋಟಿಯತ್ತ ಹೊರಟಿದ್ದ ದೇಶಕ್ಕೆ ವರ್ಷಕ್ಕೆ ಹದಿನೆಂಟು ಕಿಲೋ. ಅದೇ ಹೊತ್ತಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಲೈಸೆನ್ಸಿನಲ್ಲಿ ಬೆಳೆದ ಅಫೀಮು ಗಾಜೀಪುರ, ನೀಮಚ್ ಕಾರ್ಖಾನೆಗಳ ಮೂಲಕ ಹೊರದೇಶಗಳ ಔಷಧಿ ಕಂಪನಿಗಳಿಗೆ ಹೋಗುತ್ತಿತ್ತು. ಗಾಜೀಪುರದ ಕಾರ್ಖಾನೆ 1820ರದು. ಕಂಪನಿ ಸರ್ಕಾರದ ಕಾಲದಿಂದ ಅಫೀಮನ್ನು ಹಡಗಿಗೆ ತುಂಬುವುದರಲ್ಲಿ ನಮಗೆ ತೊಂದರೆಯಾದದ್ದಿಲ್ಲ. ಮಂಡ್ಯಕ್ಕೆ ಕಳಿಸುವುದೇ ಕಷ್ಟ.

ಕುಸಿತ ಶುರುವಾದ ಹೊತ್ತಿಗೇ ಜಗತ್ತಿನ ಇನ್ನೊಂದು ಕಡೆ ಎದುರು ದಿಕ್ಕಿನ ಕೆಲಸ ನಡೆದಿತ್ತು. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ 1967ರಲ್ಲೇ ಸೇಂಟ್ ಕ್ರಿಸ್ಟೋಫರ್ ಎಂಬ ಆಶ್ರಯಧಾಮ ತೆರೆದು, ಬಾಯಿಂದ ಕೊಡುವ ಮಾರ್ಫಿನ್ನಿನಿಂದ ರೋಗಿಗಳು ಎದ್ದು ಕೂತು, ಉಂಡು, ಮಾತಾಡಿ, ನೆಮ್ಮದಿಯಾಗಿ ಹೋಗಬಹುದೆಂದು ತೋರಿಸಿದ್ದರು. ದೇಹದ ನೋವಿನ ಜೊತೆಗೆ ಸಾಲದ ಚಿಂತೆ, ಮಕ್ಕಳ ಚಿಂತೆ, ದೇವರ ಮೇಲಿನ ಮುನಿಸು ಎಲ್ಲ ಸೇರಿಯೇ ನೋವು ಎಂದವರೂ ಅವರೇ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯಾನ್ ಶೆರ್ನ್‌ಸ್ವಾರ್ಡ್ ಎಂಬ ಸ್ವೀಡನ್ನಿನ ವೈದ್ಯರ ಮುಂದಾಳತ್ವದಲ್ಲಿ, ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ವಿಧಾನ ಪ್ರಕಟಿಸಿತು. ಸಣ್ಣ ನೋವಿಗೆ ಪ್ಯಾರಸಿಟಮಾಲ್‌ನಂಥವು, ಮೇಲಿನ ಹಂತಕ್ಕೆ ಕೋಡೀನ್‌ನಂಥವು, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಬಾಯಿಂದಲೇ ಕೊಡಿ, ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಿ. ಸಾದಾ ಮಾರ್ಫಿನ್ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ. ಮಲಬದ್ಧತೆ ತಪ್ಪದು, ಆದ್ದರಿಂದ ಜೊತೆಗೊಂದು ಮಲ ಸಡಿಲಿಸುವ ಮಾತ್ರೆ ಕಡ್ಡಾಯ. ಮೊದಲ ಕೆಲವು ದಿನ ವಾಕರಿಕೆ, ತೂಕಡಿಕೆ ಇರುತ್ತದೆ, ಆಮೇಲೆ ಹೋಗುತ್ತದೆ. ಇಷ್ಟನ್ನು ಕಲಿಯಲು ವೈದ್ಯರಿಗೆ ವರ್ಷಗಳು ಬೇಕಿಲ್ಲ, ಕೊಡುವುದಕ್ಕೆ ಯಂತ್ರವೂ ಬೇಡ. ಹಳ್ಳಿಗೆ ಹೇಳಿ ಮಾಡಿಸಿದಂಥ ಚಿಕಿತ್ಸೆ ಅದು.

ನಮ್ಮ ಸರ್ಕಾರಕ್ಕೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1975ರ ರಾಷ್ಟ್ರೀಯ ಕ್ಯಾನ್ಸರ್ ನಿಯಂತ್ರಣ ಕಾರ್ಯಕ್ರಮವನ್ನು ಎಂಬತ್ತರ ದಶಕದ ನಡುವೆ ತಿದ್ದಿದಾಗ, ಕೊನೆಯ ಹಂತದವರ ನೋವು ಕಳೆಯುವುದೂ ಗುರಿಗಳಲ್ಲಿ ಒಂದೆಂದು ಬರೆದುಕೊಂಡಿತ್ತು. ಒಂದು ಇಲಾಖೆ ನೋವು ಕಳೆಯಬೇಕೆಂದು ಬರೆದ ಹೊತ್ತಿಗೇ ಇನ್ನೊಂದು ಇಲಾಖೆ ಅದರ ಔಷಧಿಗೆ ಬೀಗ ಹಾಕಿತು.

ಆ ವರ್ಷಗಳಲ್ಲಿ ಕಾವೇರಿ ನಾಲೆಯ ಬಯಲಿನಲ್ಲಿ ಮದ್ದು ಹುಡುಕಿಕೊಂಡು ಜನ ಎಲ್ಲೆಲ್ಲಿಗೆ ಹೋಗಲಿಲ್ಲ! ಶಿಂಷಾ ಮಾರಮ್ಮನಿಗೆ ಹರಕೆ ಕಟ್ಟಿದರು. ಸಾಗರ ತಾಲ್ಲೂಕಿನ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ನಾಟಿವೈದ್ಯ ನಾರಾಯಣಮೂರ್ತಿಯವರ ಮನೆಯ ಮುಂದೆ ರಾತ್ರಿಯಿಂದಲೇ ಸಾಲು ನಿಂತು ತೊಗಟೆ ಪುಡಿ ತಂದರು. ಓದಿದವರು ಇದನ್ನು ಮೂಢನಂಬಿಕೆ ಎಂದು ಮೂಗು ಮುರಿಯುವುದುಂಟು. ನಾನು ಮುರಿಯಲಾರೆ. ‘ಇನ್ನೇನೂ ಮಾಡಕ್ಕಾಗಲ್ಲ’ ಎಂದು ಆಸ್ಪತ್ರೆ ಹೇಳಿಕಳಿಸಿದ ಮೇಲೆ, ‘ಬಾರಪ್ಪ, ಕೂತ್ಕೋ’ ಅನ್ನುವವರು ಎಲ್ಲಿದ್ದರೆ ಜನ ಅಲ್ಲಿಗೆ ಹೋಗುತ್ತಾರೆ. ಆಸ್ಪತ್ರೆ ಕೈಚೆಲ್ಲಿದ ಮೇಲಿನ ದಿನಗಳನ್ನು ಮರೆಯುವ ಈ ಲೋಪ ಆಮೇಲೆ ಬಂದ ಯೋಜನೆಗಳಲ್ಲೂ ಇತ್ತು. 2003ರಲ್ಲಿ ಸಹಕಾರಿ ರೈತರಿಗೆ ಬಂದ ಯಶಸ್ವಿನಿ ಒಳ್ಳೆಯ ಯೋಜನೆಯೇ, ಮಂಡ್ಯದ ಎಷ್ಟೋ ಮನೆಗಳ ಹೊಲ ಉಳಿಸಿದೆ. ಆದರೆ ಅದು ಶುರುವಾದದ್ದು ಶಸ್ತ್ರಚಿಕಿತ್ಸೆಯ ಯೋಜನೆಯಾಗಿ. ಕೊಯ್ದರೆ ದುಡ್ಡು, ನೋವು ಕಳೆದರೆ ಇಲ್ಲ.

ಬೀಗ ತೆಗೆಸುವ ಹೋರಾಟ ನಮ್ಮ ಜಿಲ್ಲೆಯಲ್ಲಿ ಹುಟ್ಟಲಿಲ್ಲ. ರವೀಂದ್ರ ಘೂಯಿ ಎಂಬ ಔಷಧಶಾಸ್ತ್ರಜ್ಞರ ತಾಯಿಗೆ ಸ್ತನ ಕ್ಯಾನ್ಸರ್. ಔಷಧಿಗಳ ವಿದ್ಯೆಯನ್ನೇ ಕಲಿತ ಮಗ ಹೆತ್ತವಳಿಗೆ ಮಾರ್ಫಿನ್ ದೊರಕಿಸಲಾರದೆ ಹೋದರು. ಅವರು ದೆಹಲಿ ಹೈಕೋರ್ಟಿಗೆ ಹೋದರು, 1998ರಲ್ಲಿ ತಾಯಿಯ ನೋವಿನ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಗೆ ಬರೆದರು. ಅದೇ ವರ್ಷ ಕೇಂದ್ರ ಸರ್ಕಾರ ಸರಳ ನಿಯಮಗಳ ಮಾದರಿಯೊಂದನ್ನು ರಾಜ್ಯಗಳಿಗೆ ಕಳಿಸಿ, ಹೀಗೆ ತಿದ್ದಿಕೊಳ್ಳಿ ಎಂದಿತು. ಹತ್ತು ವರ್ಷ ಕಳೆದರೂ ತಿದ್ದಿಕೊಂಡದ್ದು ಸುಮಾರು ಅರ್ಧದಷ್ಟು ರಾಜ್ಯಗಳು. ತಿದ್ದಿದ ಕಡೆಯೂ ಎಷ್ಟೋ ಸಲ ಹಳೆಯ ಗುಮಾಸ್ತರು ಹಳೆಯ ಫಾರಮನ್ನೇ ಕೇಳುತ್ತಿದ್ದರು. ಭಾರತೀಯ ಉಪಶಾಮಕ ಆರೈಕೆ ಸಂಘ (ವಾಸಿಯಾಗದವರ ನೋವು ಕಳೆಯುವ ಆರೈಕೆಗೆ ಆ ಹೆಸರು) 2007ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2009ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ, ನೋವಿನಲ್ಲಿ ಬಿಟ್ಟುಬಿಡುವುದು ಮಾನವ ಹಕ್ಕಿನ ಉಲ್ಲಂಘನೆ ಎಂದು ಭಾರತದ ಬಗ್ಗೆಯೇ ಒಂದು ವರದಿ ತಂದಿತು.

ಈ ನಡುವೆ ಕೇರಳ ಕಾಯುತ್ತಾ ಕೂರಲಿಲ್ಲ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಎಂ.ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮತ್ತು ಗೆಳೆಯರು ಸಣ್ಣದೊಂದು ನೋವಿನ ಕ್ಲಿನಿಕ್ ತೆರೆದರು. ಅದು ಬೆಳೆದು ಊರೂರಿನ ಸ್ವಯಂಸೇವಕರ ಜಾಲವಾಯಿತು, 2008ರಲ್ಲಿ ರಾಜ್ಯದ ನೀತಿಯಾಯಿತು. ಪಂಚಾಯಿತಿಗಳೇ ದುಡ್ಡು ತೆಗೆದಿಟ್ಟು ದಾದಿಯನ್ನು ನೇಮಿಸಿ ಮನೆಮನೆಗೆ ಕಳಿಸತೊಡಗಿದವು. ಇದರ ಒಂದು ಫಲ ಕನ್ನಡಿಗರಿಗೂ ದಕ್ಕಿತು. ಕೇರಳಕ್ಕೆ ಸೇರಿದ ಕಾಸರಗೋಡಿನ ಮಂಜೇಶ್ವರ, ಕುಂಬಳೆಯ ಕಡೆಯ ಕನ್ನಡದ ಅಜ್ಜಿಗೆ ಪಂಚಾಯಿತಿಯ ದಾದಿ ಮನೆಗೇ ಬಂದು ಹುಣ್ಣು ತೊಳೆದು ಕಟ್ಟಿ, ನೋವು ಎಷ್ಟಿದೆ ಎಂದು ಕೇಳಿ ಹೋಗುವ ಏರ್ಪಾಟು ಬಂತು. ಗಡಿಯ ಈಚೆಯ ಅಜ್ಜಿಗೆ ಅದಿಲ್ಲ. ಕಾಸರಗೋಡು ನಮ್ಮದಾಗಲಿಲ್ಲವೆಂದು ನಾವು ದುಃಖಿಸುವಾಗ ಈ ಒಂದು ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕು.

ಕರ್ನಾಟಕದಲ್ಲೂ ದೀಪ ಹಚ್ಚಿದವರಿದ್ದರು. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ರಾಜ್ಯ ಶಾಖೆ ಮತ್ತು ಇಂದಿರಾನಗರದ ರೋಟರಿ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದವು. ಕಿಶೋರ್ ರಾವ್ ಅದರ ಮುಂದಾಳು. ಮೊದಲು ನಗರದೊಳಗೆ ಮನೆಮನೆಗೆ ಹೋಗುವ ತಂಡ, 1999ರಲ್ಲಿ ಮಾರತ್ತಹಳ್ಳಿಯ ಹತ್ತಿರ ಕರುಣಾಶ್ರಯ. ಕಲ್ಲಿನ ಗೋಡೆ, ನಡುವೆ ನೀರಿನ ಕೊಳ, ಹಾಸಿಗೆಯಿಂದಲೇ ಗಿಡಮರ ಕಾಣುವ ಕಟ್ಟಡ. ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆ ಹೇಳಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಎಲ್ಲವೂ ಉಚಿತ. ಆದರೆ ಮಳವಳ್ಳಿಯ ಮನೆಯೊಂದರ ಕಣ್ಣಿನಿಂದ ನೋಡಿದರೆ ಮಾತು ಬೇರೆ. ಅವರ ತಂಡದ ವಾಹನ ಸುತ್ತುತ್ತಿದ್ದದ್ದು ಬೆಂಗಳೂರಿನ ಸುತ್ತ. ಅಲ್ಲಿಗೇ ಹೋಗಿ ಸೇರೋಣವೆಂದರೆ ಹಾಸಿಗೆ ಹಿಡಿದವರು ಒಪ್ಪಬೇಕಲ್ಲ. ‘ನನ್ನ ಹಟ್ಟೀಲಿ ಸಾಯ್ತೀನಿ ಕಣ್ರಪ್ಪಾ’ ಎನ್ನುವುದು ನಮ್ಮ ಕಡೆಯ ಹಿರಿಯರ ಹಟ. ಕಬ್ಬು ಕಡಿಯುವ ಕಾಲದಲ್ಲಿ ಮನೆಯವರು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಕೂರಲೂ ಆಗುವುದಿಲ್ಲ. ಹಾಗಾಗಿ ಬಹಳಷ್ಟು ಮನೆಗಳಲ್ಲಿ ಆರೈಕೆ ಮಗಳ ಇಲ್ಲವೇ ಸೊಸೆಯ ಹೆಗಲಿಗೇ ಬಿತ್ತು. ಕೂಲಿ ಬಿಟ್ಟು ಕೂತ ಆ ಹೆಣ್ಣುಮಕ್ಕಳ ದಿನಗಳನ್ನು ಯಾವ ಯೋಜನೆಯೂ ಲೆಕ್ಕ ಹಿಡಿಯಲಿಲ್ಲ.

2014ರ ಫೆಬ್ರುವರಿಯಲ್ಲಿ, ಚುನಾವಣೆಗೆ ಮುಂಚಿನ ಆ ಗದ್ದಲದ ಅಧಿವೇಶನದ ಕೊನೆಯ ದಿನಗಳಲ್ಲಿ, ಸಂಸತ್ತು ಎನ್‌ಡಿಪಿಎಸ್ ಕಾಯಿದೆಗೆ ತಿದ್ದುಪಡಿ ಅಂಗೀಕರಿಸಿತು. ತೆಲಂಗಾಣ ರಚನೆಯ ಜಗಳ, ಸದನದೊಳಗಿನ ಪೆಪ್ಪರ್ ಸ್ಪ್ರೇ, ಇವುಗಳ ಸುದ್ದಿಯಲ್ಲಿ ಪತ್ರಿಕೆಗಳು ಇದನ್ನು ಗಮನಿಸಿದ್ದು ಕಡಿಮೆ. 29 ವರ್ಷದ ಬೀಗ ಸಡಿಲವಾದದ್ದು ಹೀಗೆ, ಸದ್ದಿಲ್ಲದೆ. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೋಡೀನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್, ಈ ಆರನ್ನು ಅವಶ್ಯಕ ಔಷಧಿಗಳೆಂದು ಕರೆದು, ಅವುಗಳ ನಿಯಮ ಬರೆಯುವ ಅಧಿಕಾರವನ್ನು ಕೇಂದ್ರ ತನ್ನ ಕೈಗೆ ತೆಗೆದುಕೊಂಡಿತು. 2015ರ ಮೇ ತಿಂಗಳಲ್ಲಿ ಹೊಸ ನಿಯಮಗಳು ಬಂದವು. ನಾಲ್ಕೈದು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಒಂದೇ ಮನ್ನಣೆ. ಅದು ಸಿಕ್ಕಿದ ಆಸ್ಪತ್ರೆ ಮಾರ್ಫಿನ್ ತರಿಸಬಹುದು, ಇಟ್ಟುಕೊಳ್ಳಬಹುದು, ರೋಗಿಗೆ ಮನೆಗೆ ಕೊಟ್ಟು ಕಳಿಸಬಹುದು. ಕೇರಳ, ಮಹಾರಾಷ್ಟ್ರಗಳ ಹಿಂದೆಯೇ ಕರ್ನಾಟಕವೂ ಉಪಶಾಮಕ ಆರೈಕೆಗೆ ತನ್ನದೊಂದು ನೀತಿ ಮಾಡಿಕೊಂಡಿತು. ಕೇಂದ್ರದ ಯೋಜನೆಯೊಂದರಲ್ಲಿ ಕಿದ್ವಾಯಿ ರಾಜ್ಯ ಕ್ಯಾನ್ಸರ್ ಸಂಸ್ಥೆಯಾಯಿತು. ಮಂಡ್ಯದ ಮಿಮ್ಸ್, ಅಂದರೆ 2005ರ ಸುಮಾರಿಗೆ ಜಿಲ್ಲಾಸ್ಪತ್ರೆಗೆ ಸೇರಿ ಹುಟ್ಟಿದ ವೈದ್ಯಕೀಯ ಕಾಲೇಜು, ತೃತೀಯ ಹಂತದ ಕ್ಯಾನ್ಸರ್ ಕೇಂದ್ರಗಳ ಪಟ್ಟಿಗೆ ಸೇರಿತು.

ಕಾನೂನು ಬದಲಾದಷ್ಟು ಬೇಗ ಭಯ ಬದಲಾಗಲಿಲ್ಲ. ಒಂದು ಇಡೀ ತಲೆಮಾರಿನ ವೈದ್ಯರು ಮಾರ್ಫಿನ್ ಮಾತ್ರೆಯನ್ನು ಕೈಯಲ್ಲಿ ಹಿಡಿದು ನೋಡದೆಯೇ ಓದು ಮುಗಿಸಿ, ನೌಕರಿ ಮಾಡಿ, ನಿವೃತ್ತರೂ ಆಗಿದ್ದಾರೆ. ಎಷ್ಟು ಕೊಡಬೇಕು, ಉಸಿರು ನಿಂತರೇನು ಗತಿ, ಚಟ ಹತ್ತಿದರೆ? ಅಮೆರಿಕದಲ್ಲಿ ನೋವಿನ ಮಾತ್ರೆಗಳು ಎಬ್ಬಿಸಿದ ಅನಾಹುತದ ಸುದ್ದಿ ಈ ಅಂಜಿಕೆಗೆ ಇನ್ನಷ್ಟು ನೀರೆರೆಯಿತು. ಎರಡನೇ ಮೆಟ್ಟಿಲಿನಲ್ಲಿ ನಮ್ಮ ಊರುಗಳಿಗೆ ಆಸರೆಯಾಗಿದ್ದ ಟ್ರಮಡಾಲ್ ಕೂಡ 2018ರ ಏಪ್ರಿಲ್‌ನಲ್ಲಿ ಎನ್‌ಡಿಪಿಎಸ್ ಪಟ್ಟಿಗೆ ಸೇರಿತು. ಅದರ ದುರ್ಬಳಕೆ ಸುಳ್ಳಲ್ಲ, ಆದರೆ ಏಟು ಬಿದ್ದದ್ದು ಎಲ್ಲರಿಗೂ. ಮದ್ದೂರಿನಂಥ ಊರಿನಲ್ಲಿ ಚೀಟಿ ಹಿಡಿದು ಹೋದ ಹುಡುಗನಿಗೂ ಅಂಗಡಿಯವರಿಗೂ ಇಂಥದೊಂದು ಮಾತು ಎಷ್ಟು ಸಲ ನಡೆದಿದೆಯೋ:

‘ಅಣ್ಣಾ, ಇದೊಂದು ಮಾತ್ರೆ ಕೊಡಿ, ಅಮ್ಮಂಗೆ.’

‘ಇದು ನಾವು ಇಡಲ್ಲ ಕಣಪ್ಪ. ಮಂಡ್ಯಕ್ಕೆ ಹೋಗಿ ನೋಡು, ಇಲ್ಲ ಬರೆದುಕೊಟ್ಟ ಕಡೆಗೇ ಹೋಗು.’

ಅಂಗಡಿಯವರದೂ ತಪ್ಪಲ್ಲ. ಒಬ್ಬ ಗಿರಾಕಿಗಾಗಿ ಯಾರು ರಿಜಿಸ್ಟರು ಇಟ್ಟು, ಯಾರು ಇನ್‌ಸ್ಪೆಕ್ಟರಿಗೆ ಉತ್ತರ ಹೇಳುತ್ತಾರೆ? ಬಿ.ಪಿ., ಸಕ್ಕರೆ ಕಾಯಿಲೆಯವರ ಮನೆ ಬಾಗಿಲಿಗೆ ಹೋಗಿ ವಿಚಾರಿಸುವ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಈ ಮಾತ್ರೆಗೆ ಜಾಗವಿಲ್ಲ.

ಮನೆಯೊಳಗೂ ಭಯ. ರೋಗದ ಹೆಸರನ್ನೇ ಹೇಳದೆ ಮುಚ್ಚಿಟ್ಟಿರುವಾಗ ‘ಮಾರ್ಫಿನ್’ ಎಂದರೆ ಕೊನೆಯ ಗುಟುಕು ನೀರು ಎಂಬ ಭಾವನೆ. ‘ಈಗ್ಲೇ ಬೇಡಿ ಸಾರ್, ಇನ್ನೂ ತಡ್ಕೊಂಡವ್ರೆ’ ಎಂದು ಮಕ್ಕಳೇ ಬೇಡ ಎನ್ನುವುದುಂಟು. ಹೇಳಿದಷ್ಟು ಪ್ರಮಾಣದಲ್ಲಿ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ, ಕ್ಯಾನ್ಸರ್ ನೋವಿಗೆ ತಿಂದವರು ಚಟಗಾರರಾಗುವುದು ಬಹಳ ಅಪರೂಪ. ಇದನ್ನು ವೈದ್ಯರು ಬಿಡಿಸಿ ಹೇಳಿದ ದಿನವೇ ಅರ್ಧ ನೋವು ಇಳಿದಂತೆ. ಹೊರರೋಗಿ ವಿಭಾಗದಲ್ಲಿ ನೂರಾರು ಜನ ಕಾದಿರುವಾಗ ಆ ಹತ್ತು ನಿಮಿಷ ಯಾರ ಬಳಿ ಇದೆ ಎನ್ನುವುದು ಬೇರೆ ಪ್ರಶ್ನೆ.

ಲ್ಯಾನ್ಸೆಟ್ ನೇಮಿಸಿದ ಆಯೋಗವೊಂದು 2017ರಲ್ಲಿ ದೇಶದೇಶಗಳ ಲೆಕ್ಕ ಹಾಕಿತು. ನೋವಿನ ಔಷಧಿ ಬೇಕಾದ ಪ್ರತಿ ರೋಗಿಗೆ ಭಾರತದಲ್ಲಿ ಸಿಗುತ್ತಿದ್ದದ್ದು ಸರಾಸರಿ ವರ್ಷಕ್ಕೆ 43 ಮಿಲಿಗ್ರಾಂ ಮಾರ್ಫಿನ್ನಿಗೆ ಸಮ, ಅಗತ್ಯದ ನೂರಕ್ಕೆ ನಾಲ್ಕು ಪಾಲು. ಹತ್ತು ಮಿಲಿಗ್ರಾಂ ಮಾತ್ರೆ ನಾಲ್ಕು ಗಂಟೆಗೊಮ್ಮೆ ತೆಗೆದುಕೊಳ್ಳುವವರಿಗೆ ಅದು ಒಂದು ದಿನಕ್ಕೂ ಸಾಲದು. ಮಾತ್ರೆಯೊಂದರ ಬೆಲೆ ಕೆಲವೇ ರೂಪಾಯಿ. ಮದ್ದೂರಿನ ಎರಡು ವಡೆಯ ದುಡ್ಡಿಗೆ ಒಬ್ಬರ ಎಷ್ಟೋ ಗಂಟೆಗಳ ನೋವು ನೀಗುತ್ತದೆ.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟಿಸಿದರು. ಕಾರಿನವರಿಗೆ ಮಂಡ್ಯ ಇನ್ನಷ್ಟು ಹತ್ತಿರವಾಯಿತು, ನೋವಿನ ಮಾತ್ರೆ ಹತ್ತಿರವಾಗಲಿಲ್ಲ. 2025ರ ಜನವರಿ 30ರಂದು ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ವಾಸಿಯಾಗದ ರೋಗಿಗೆ ಜೀವರಕ್ಷಕ ಯಂತ್ರಗಳನ್ನು ತೆಗೆದು ಘನತೆಯಿಂದ ಸಾಯಲು ಬಿಡುವ ಸುಪ್ರೀಂ ಕೋರ್ಟ್ ತೀರ್ಪನ್ನು ಜಾರಿಗೆ ತರುವ ಆದೇಶ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಹೋರಾಡಿದ್ದರ ಫಲ ಅದರಲ್ಲಿದೆ, ದೊಡ್ಡ ಹೆಜ್ಜೆಯೇ. ಆದರೂ ಅದು ಐ.ಸಿ.ಯು. ಇರುವ ಊರಿನ ಘನತೆ. ವೆಂಟಿಲೇಟರನ್ನೇ ಕಾಣದೆ, ಹಟ್ಟಿಯ ಜಗಲಿಯ ಮೇಲೆ ಮಲಗಿದವರಿಗೆ ಘನತೆ ಎಂದರೆ ರಾತ್ರಿ ನಿದ್ದೆ ಬರುವುದು.

ಅದಕ್ಕೆ ಹೊಸ ಕಾನೂನು ಬೇಕಿಲ್ಲ. 2015ರ ನಿಯಮದಡಿ ಮಳವಳ್ಳಿಯಂಥ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯೂ ಮನ್ನಣೆ ಕೇಳಬಹುದು. ನೋವು ನಿವಾರಣೆಯಲ್ಲಿ ತರಬೇತಿ ಪಡೆದ ವೈದ್ಯರೊಬ್ಬರು ಹೊಣೆ ಹೊತ್ತು, ದಾಸ್ತಾನನ್ನು ಭದ್ರವಾಗಿಟ್ಟು, ಲೆಕ್ಕ ಬರೆದು, ವರ್ಷಕ್ಕೊಮ್ಮೆ ವರದಿ ಕಳಿಸಿದರೆ ಆಯಿತು. ಅಲ್ಲಿಯವರೆಗೆ, ದೊಡ್ಡಾಸ್ಪತ್ರೆಯಲ್ಲಿ ‘ಮನೆಗೆ ಕರ್ಕೊಂಡು ಹೋಗಿ’ ಅಂದ ಕೂಡಲೇ ಬಸ್ಸು ಹತ್ತಬೇಡಿ. ಕಿದ್ವಾಯಿಯಲ್ಲಾಗಲಿ, ಬೇರೆ ದೊಡ್ಡ ಆಸ್ಪತ್ರೆಯಲ್ಲಾಗಲಿ, ನೋವಿನ ವಿಭಾಗ ಎಲ್ಲಿದೆ ಎಂದು ಕೇಳಿ. ರೋಗಿಯ ಹೆಸರನ್ನು ಅಲ್ಲಿ ನೋಂದಾಯಿಸಿ. ಎಷ್ಟು ದಿನದ ಮಾತ್ರೆ ಕೊಡುತ್ತೀರಿ, ಮುಗಿದ ಮೇಲೆ ರೋಗಿಯನ್ನು ಕುಲುಕಾಡಿಸಿಕೊಂಡು ಕರೆತರದೆ ಮನೆಯವರೇ ಬಂದರೆ ಸಾಕೇ, ತಂದ ಚೀಟಿಯಲ್ಲಿ ಏನೇನಿರಬೇಕು, ರಾತ್ರಿ ನೋವು ಹೆಚ್ಚಿದರೆ ಎಷ್ಟು ಕೊಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟನ್ನೂ ಬರೆಸಿಕೊಳ್ಳಿ. ಮಲ ಸಡಿಲಿಸುವ ಮಾತ್ರೆ ಬರೆದಿದ್ದಾರೋ ಇಲ್ಲವೋ ನೋಡಿ, ಬರೆದಿರದಿದ್ದರೆ ಕೇಳಿ.